‘ವೆಬ್‌ಸೈಟ್ ಮಾಡ್ತೇನೆ’ ಎನ್ನುವ ನಮ್ಮ ಹುಡುಗರು: ಯಾರು ಯಾವ ಮೆಟ್ಟಿಲಲ್ಲಿ?

ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಈಗ ಎರಡು ಬಗೆಯ ಪೋಸ್ಟರ್ ತಪ್ಪದೆ ಬರುತ್ತವೆ. ಒಂದು: ‘ನಿಮ್ಮ ಬಿಸಿನೆಸ್‌ಗೆ ವೆಬ್‌ಸೈಟ್, ಕೇವಲ 4,999 ರೂಪಾಯಿ. ಡೊಮೈನ್ ಫ್ರೀ, ಹೋಸ್ಟಿಂಗ್ ಫ್ರೀ, ಲೋಗೋ ಫ್ರೀ.’ ಇನ್ನೊಂದು: ‘ಮೂರೇ ತಿಂಗಳಲ್ಲಿ ಫುಲ್ ಸ್ಟ್ಯಾಕ್ ಡೆವಲಪರ್ ಆಗಿ, ಕೆಲಸ ಗ್ಯಾರಂಟಿ.’ ಮೊದಲಿನದ್ದನ್ನು ಹಾಕುವುದು ಹೆಚ್ಚಾಗಿ ಎರಡನೆಯದ್ದಕ್ಕೆ ಹಣ ಕಟ್ಟಿ ಹೊರಬಂದ ಹುಡುಗ.

ನಾನು ಕಂಪ್ಯೂಟರ್ ಪಂಡಿತ ಅಲ್ಲ. ಬಿ.ಕಾಂ. ಮುಗಿಸಿ ಮಕ್ಕಳ ಉಡುಪಿನ ಅಂಗಡಿ ಇಟ್ಟವನು. ಆದರೆ ಹತ್ತು ವರ್ಷದಲ್ಲಿ ಮೂರು ಸಲ ವೆಬ್‌ಸೈಟ್‌ಗೆ ಹಣ ಕೊಟ್ಟಿದ್ದೇನೆ. ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಹಣ ಕೊಡುವವನ ಕಡೆಯಿಂದ ಈ ಕಸುಬು ಹೇಗೆ ಕಾಣುತ್ತದೆ ಎಂದು ನಮ್ಮ ಹುಡುಗರಿಗೆ ಯಾರೂ ಹೇಳಿದ ಹಾಗೆ ಕಾಣುವುದಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಈಗಲೇ ಬರೆಯಲು ಇನ್ನೊಂದು ಕಾರಣವೂ ಉಂಟು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟು, ಅಂದರೆ 12,000ದ ಆಸುಪಾಸು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಎಐ ಇದಕ್ಕೆ ಕಾರಣ ಅಲ್ಲ, ಕೆಲಸಕ್ಕೂ ಕೌಶಲಕ್ಕೂ ಹೊಂದಾಣಿಕೆ ಆಗುತ್ತಿಲ್ಲ ಎಂದು ಕಂಪೆನಿ ವಿವರಣೆ ಕೊಟ್ಟಿತು. ಕಾರಣ ಯಾವುದೇ ಇರಲಿ, ಆ ಸುದ್ದಿ ಬಂದ ವಾರ ನನ್ನ ಅಂಗಡಿಗೆ ಬಂದ ಮೂರು ಮಂದಿ ತಂದೆಯರು ಒಂದೇ ಪ್ರಶ್ನೆ ಕೇಳಿದರು: ‘ಮಗನನ್ನು ಈ ಲೈನಿಗೆ ಹಾಕಿದ್ದೇನೆ, ಹಣ ಹೋಯಿತಾ?’

ಹೋಯಿತೋ ಇಲ್ಲವೋ ಎನ್ನುವುದು ಆ ಮಗ ಯಾವ ಕೆಲಸ ಕಲಿತಿದ್ದಾನೆ ಎಂಬುದರ ಮೇಲೆ ನಿಂತಿದೆ. ಯಾಕೆಂದರೆ ‘ವೆಬ್‌ಸೈಟ್ ಮಾಡುವುದು’ ಎಂಬ ಹೆಸರಿನ ಒಂದೇ ಕೆಲಸ ಇಲ್ಲ. ನಮ್ಮ ಬಟ್ಟೆಯ ಲೈನಿನಲ್ಲಿ ರೆಡಿಮೇಡ್ ಮಾರುವವನು, ಆಲ್ಟರೇಷನ್ ಮಾಡುವವನು, ಕಟಿಂಗ್ ಮಾಸ್ಟರ್, ಡಿಸೈನರ್, ಬಟ್ಟೆ ನೇಯುವ ಮಿಲ್ಲಿನವನು ಎಲ್ಲ ಬೇರೆ ಬೇರೆ. ಯಾರೂ ಇವರನ್ನೆಲ್ಲ ಒಟ್ಟಿಗೆ ‘ಬಟ್ಟೆಯವನು’ ಎಂದು ಕರೆದು ಒಂದೇ ಮಜೂರಿ ಕೊಡುವುದಿಲ್ಲ. ವೆಬ್‌ಸೈಟ್ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತಿದ್ದೇವೆ. ಹುಡುಗರೂ ಅದಕ್ಕೆ ತಕ್ಕ ಹಾಗೆ ತಮ್ಮನ್ನು ‘ಡೆವಲಪರ್’ ಎಂದು ಕರೆದುಕೊಳ್ಳುತ್ತಾರೆ.

ಮೊದಲ ಮೆಟ್ಟಿಲು ಜೋಡಿಸುವವನದ್ದು. ವರ್ಡ್‌ಪ್ರೆಸ್ ಎಂಬ ತಂತ್ರಾಂಶ 2003ರಲ್ಲಿ ಬಂತು. ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ. 40ಕ್ಕೂ ಹೆಚ್ಚು ಅದರ ಮೇಲೆ ಓಡುತ್ತವೆ. ಅದನ್ನು ಸರ್ವರ್‌ನಲ್ಲಿ ಹಾಕಿ, ಒಂದು ಥೀಮ್ ಆಯ್ದು, ಬೇಕಾದ ಪ್ಲಗಿನ್ ಸೇರಿಸಿ, ಬಣ್ಣ ಬದಲಿಸಿ, ಚಿತ್ರ ಮತ್ತು ವಿಳಾಸ ತುಂಬಿಸಿ ಕೊಡುವುದು ಈ ಕೆಲಸ. ಒಂದು ಸಾಲು ಕೋಡ್ ಬರೆಯದೆಯೂ ಇದನ್ನು ಮಾಡಬಹುದು. ಇದು ಕೀಳು ಕೆಲಸ ಎಂದು ನಾನು ಹೇಳುವುದಿಲ್ಲ. ಊರಿನ ಕ್ಲಿನಿಕ್, ಕ್ಯಾಟರಿಂಗ್, ಶಾಲೆ, ಜಮಾಅತ್ ಕಮಿಟಿ, ಇವರಿಗೆಲ್ಲ ಇಷ್ಟೇ ಸಾಕು. ನೀಟಾಗಿ ಮಾಡಿದರೆ ಮರ್ಯಾದೆಯ ಕಸುಬು.

ಎರಡನೆಯದು ಡಿಸೈನರ್. ಫಿಗ್ಮಾದಂಥ ಸಾಧನದಲ್ಲಿ ಪುಟ ಹೇಗೆ ಕಾಣಬೇಕು, ಗಿರಾಕಿಯ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು, ಬೆರಳು ಎಲ್ಲಿ ಒತ್ತಬೇಕು ಎಂದು ನಿರ್ಧರಿಸುವವನು. ನಮ್ಮಲ್ಲಿ ಪೋಸ್ಟರ್ ಮಾಡುವ ಪ್ರತಿಯೊಬ್ಬನೂ ತಾನು ಇದೇ ಎಂದುಕೊಂಡಿದ್ದಾನೆ. ಪೋಸ್ಟರ್ ನೋಡಿ ಬಿಡುವಂಥದ್ದು, ವೆಬ್‌ಸೈಟ್ ಬಳಸುವಂಥದ್ದು, ವ್ಯತ್ಯಾಸ ದೊಡ್ಡದು.

ಅದರ ಮೇಲೆ ಫ್ರಂಟ್ ಎಂಡ್. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಲ್ಲವನು. ಡಿಸೈನರ್ ಬಿಡಿಸಿದ್ದನ್ನು ಮೊಬೈಲ್‌ನಲ್ಲೂ ಕಂಪ್ಯೂಟರ್‌ನಲ್ಲೂ ಸರಿಯಾಗಿ ಕಾಣುವ, ಬೇಗ ತೆರೆಯುವ ಪುಟ ಮಾಡುತ್ತಾನೆ. ಬಳಿಕ ಬ್ಯಾಕ್ ಎಂಡ್. ಗಿರಾಕಿಗೆ ಕಾಣದ ಸರ್ವರ್, ಡೇಟಾಬೇಸ್, ಪಾವತಿ, ಲಾಗಿನ್ ಎಲ್ಲ ಇವನದ್ದು. ಎರಡೂ ಬಲ್ಲವನೇ ಫುಲ್ ಸ್ಟ್ಯಾಕ್. ಆ ಹೆಸರಿಗೆ ಮೂರು ತಿಂಗಳು ಸಾಲದು ಮಾರಾಯ್ರೆ, ಮೂರು ವರ್ಷ ಕೆಲಸ ಮಾಡಿದವರೇ ಹಾಗೆ ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಇವರ ಜೊತೆಗೆ ಟೆಸ್ಟಿಂಗ್, ಬರಹ, ಗೂಗಲ್ ಹುಡುಕಾಟಕ್ಕೆ ಸಿದ್ಧಪಡಿಸುವುದು, ಸರ್ವರ್ ನೋಡಿಕೊಳ್ಳುವುದು, ಗಿರಾಕಿಯೊಂದಿಗೆ ಮಾತಾಡಿ ಕೆಲಸ ಹಂಚುವುದು ಇವೂ ಉಂಟು. ದೊಡ್ಡ ಕಂಪೆನಿಯಲ್ಲಿ ಪ್ರತಿಯೊಂದಕ್ಕೂ ಬೇರೆ ಜನ. ಊರಿನಲ್ಲಿ ಎಲ್ಲವೂ ಒಬ್ಬ ಹುಡುಗನ ತಲೆಯ ಮೇಲೆ.

ಈಗ ನನ್ನ ಕಥೆಗೆ ಬರುತ್ತೇನೆ.

2016ರಲ್ಲಿ ಮೊದಲ ವೆಬ್‌ಸೈಟ್. ಪರಿಚಯದ ಹುಡುಗ, ಎಂಟು ಸಾವಿರಕ್ಕೆ ಮಾಡಿಕೊಟ್ಟ. ನೋಡಲು ಚೆನ್ನಾಗಿತ್ತು. ಎರಡು ವರ್ಷ ಕಳೆದ ಮೇಲೆ ಅವನಿಗೆ ಶಾರ್ಜಾದಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿತು, ಹೋದ. ಒಂದು ದಿನ ಸೈಟ್ ತೆರೆಯಲಿಲ್ಲ. ನೆಟ್ ಪ್ರಾಬ್ಲಂ ಇರಬೇಕು ಎಂದು ನಾನು ಸುಮ್ಮನಾದೆ. ಆಗಿದ್ದು ಬೇರೆಯೇ. ನನ್ನ ಅಂಗಡಿಯ ಹೆಸರಿನ ಡೊಮೈನ್ ನನ್ನ ಹೆಸರಲ್ಲಿ ಇರಲೇ ಇಲ್ಲ, ಅವನ ಹೆಸರಲ್ಲಿ, ಅವನ ಹಳೆ ಇಮೇಲ್‌ನಲ್ಲಿ ಇತ್ತು. ನವೀಕರಣದ ನೋಟಿಸ್ ಎಲ್ಲ ಆ ಇಮೇಲ್‌ಗೆ ಹೋಗಿದೆ, ಅವನು ಅದನ್ನು ತೆರೆಯುವುದನ್ನೇ ಬಿಟ್ಟಿದ್ದ.

ಡಾಟ್ ಕಾಂ ಹೆಸರಿನ ಅವಧಿ ಮುಗಿದರೂ ಕೆಲವು ದಿನ ಹಳೆ ದರಕ್ಕೇ ನವೀಕರಿಸಲು ಆಗುತ್ತದೆ. ಅದು ದಾಟಿದರೆ 30 ದಿನ ‘ರಿಡೆಂಪ್ಷನ್’ ಎಂಬ ಅವಧಿ, ಆಗ ದಂಡ ಹಲವು ಪಟ್ಟು. ಅದೂ ಕಳೆದರೆ ಇನ್ನು ಐದೇ ದಿನ, ಬಳಿಕ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ನನಗೆ ಇದೆಲ್ಲ ಗೊತ್ತಾಗುವಾಗ ಹೆಸರು ಕೈತಪ್ಪಿತ್ತು. ಯಾರೋ ಕೊಂಡುಕೊಂಡಿದ್ದರು. ವಿಸಿಟಿಂಗ್ ಕಾರ್ಡ್‌ನಲ್ಲಿ, ಪ್ಲಾಸ್ಟಿಕ್ ಕವರ್‌ನಲ್ಲಿ ಅಚ್ಚು ಹಾಕಿಸಿದ ಆ ವಿಳಾಸ ಒತ್ತಿದರೆ ಆನ್‌ಲೈನ್ ಜೂಜಿನ ಜಾಹೀರಾತು ಬರುತ್ತಿತ್ತು! ಮಕ್ಕಳ ಉಡುಪಿನ ಅಂಗಡಿ! ನಾಲ್ಕು ಸಾವಿರ ಕವರ್ ಮೂಲೆಗೆ ಹಾಕಿದೆ. ಹುಡುಗನನ್ನು ಬೈದು ಪ್ರಯೋಜನ ಇರಲಿಲ್ಲ. ಡೊಮೈನ್ ಗಿರಾಕಿಯ ಆಸ್ತಿ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ, ಕೇಳಬೇಕು ಎಂದು ನನಗೂ ಗೊತ್ತಿರಲಿಲ್ಲ.

ಎರಡನೆಯದು 2020ರ ಲಾಕ್‌ಡೌನ್ ಸಮಯ. ಗಲ್ಫ್‌ನಲ್ಲಿರುವವರು ಊರಿನ ಮಕ್ಕಳಿಗೆ ಹಬ್ಬದ ಬಟ್ಟೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವ ಹಾಗಾಗಬೇಕು ಎಂದು ನನ್ನ ಯೋಚನೆ. ಈ ಸಲದ ಹುಡುಗ ನಿಜಕ್ಕೂ ಪ್ರತಿಭಾವಂತ. ಪುಟ ಅಷ್ಟು ಚಂದ ಇತ್ತು, ಮೊಬೈಲ್‌ನಲ್ಲಿ ಎಣ್ಣೆಯ ಹಾಗೆ ಜಾರುತ್ತಿತ್ತು. ಒಂದು ದಿನ ಲೆಕ್ಕ ನೋಡುವಾಗ 1,450 ರೂಪಾಯಿಯ ಡ್ರೆಸ್‌ಗೆ 1 ರೂಪಾಯಿ ಪಾವತಿ ಆಗಿದೆ. ಪಾರ್ಸೆಲ್ ಹೋಗಿಯೂ ಆಗಿದೆ. ನಾನು ಬ್ಯಾಂಕಿನ ತಪ್ಪು ಎಂದುಕೊಂಡೆ. ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪೆನಿಯಲ್ಲಿರುವ ಸಂಬಂಧಿಕನೊಬ್ಬ ನೋಡಿ ಹೇಳಿದ: ‘ಗಿರಾಕಿ ಎಷ್ಟು ಕೊಡಬೇಕು ಎಂಬ ಲೆಕ್ಕ ಗಿರಾಕಿಯ ಬ್ರೌಸರ್‌ನಲ್ಲೇ ಆಗ್ತಾ ಉಂಟು. ಅದನ್ನು ಅವನು ತಿದ್ದಬಹುದು. ಲೆಕ್ಕ ನಿಮ್ಮ ಸರ್ವರ್‌ನಲ್ಲಿ ಆಗಬೇಕಿತ್ತು, ಪಾವತಿ ಆದ ಮೇಲೆ ಮೊತ್ತ ತಾಳೆ ನೋಡಬೇಕಿತ್ತು.’

ಅಂದರೆ, ಗಲ್ಲಾಪೆಟ್ಟಿಗೆಯನ್ನು ಕೌಂಟರಿನ ಹೊರಗೆ ಗಿರಾಕಿಯ ಕೈಗೆ ಕೊಟ್ಟ ಹಾಗೆ. ಫ್ರಂಟ್ ಎಂಡ್, ಬ್ಯಾಕ್ ಎಂಡ್ ಎಂಬ ಪದಗಳ ಅರ್ಥ ನನಗೆ ಆ ದಿನ ತಿಳಿಯಿತು.

ಹುಡುಗ ಮೋಸಗಾರ ಅಲ್ಲ. ಅವನು ಒಳ್ಳೆಯ ಫ್ರಂಟ್ ಎಂಡ್ ಕೆಲಸಗಾರ. ಪಾವತಿಯ ಭಾಗ ಬರುವುದಿಲ್ಲ ಎಂದು ಹೇಳಿದರೆ ಕೆಲಸ ಕೈತಪ್ಪುತ್ತದೆ ಎಂಬ ಹೆದರಿಕೆಯಲ್ಲಿ ‘ಆಗ್ತದೆ ಕಾಕ’ ಎಂದ. ತನ್ನ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಮೇಲಿನ ಕೆಲಸ ಒಪ್ಪಿಕೊಂಡ. ಈ ಕಸುಬಿನಲ್ಲಿ ಊರಿನವರಿಗೆ ಆಗುವ ನಷ್ಟದಲ್ಲಿ ಹೆಚ್ಚಿನದ್ದು ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅನಿಸಿಕೆ. ಮೋಸ ಬಹಳ ಕಡಿಮೆ.

4,999 ರೂಪಾಯಿಯ ಲೆಕ್ಕ ಹೇಗೆ ಕೂಡುತ್ತದೆ ಎಂದು ಕಾಮರ್ಸ್ ಓದಿದವನಾಗಿ ಕೂತು ನೋಡಿದ್ದೇನೆ. ಡಾಟ್ ಕಾಂ ಹೆಸರಿಗೇ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಬೇಕು. ಹೋಸ್ಟಿಂಗ್‌ಗೆ ಒಂದೆರಡು ಸಾವಿರ. ಒಳ್ಳೆಯ ಥೀಮ್ ಕೊಂಡರೆ ಅದಕ್ಕೂ ಕೆಲವು ಸಾವಿರ. ಉಳಿಯುವುದು ಏನು? ಅದಕ್ಕೇ ಕೆಲವರು ಥೀಮ್ ಮತ್ತು ಪ್ಲಗಿನ್‌ನ ಕಳ್ಳಪ್ರತಿ ಹಾಕುತ್ತಾರೆ. ಕಳ್ಳಪ್ರತಿಯೊಳಗೆ ಕೆಟ್ಟ ಕೋಡ್ ಅಡಗಿಸಿ ಹಂಚುವುದು ಹಳೆಯ ದಂಧೆ. ಕೆಲವು ತಿಂಗಳ ಬಳಿಕ ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹುಡುಕಿದರೆ ಜಪಾನಿ ಅಕ್ಷರದಲ್ಲಿ ಯಾವುದೋ ಬ್ಯಾಗ್, ಶೂ ಮಾರಾಟದ ಸಾಲುಗಳು ಕಾಣುತ್ತವೆ. ಇಂಥದ್ದನ್ನು ಕುಂಬಳೆಯ ಒಬ್ಬ ವ್ಯಾಪಾರಿ ಸ್ನೇಹಿತರ ಮೊಬೈಲ್‌ನಲ್ಲಿ ನಾನೇ ಕಂಡಿದ್ದೇನೆ. ಅವರಿಗೆ ಅದನ್ನು ಸ್ವಚ್ಛ ಮಾಡಿಸಲು ಆದ ಖರ್ಚು ಸೈಟ್ ಮಾಡಿಸಿದ್ದಕ್ಕಿಂತ ಹೆಚ್ಚು.

ಈಗ ಎಐ ವಿಷಯ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. 2025ರ ಫೆಬ್ರವರಿಯಲ್ಲಿ ಆ್ಯಂಡ್ರೆ ಕಾರ್ಪತಿ ಎಂಬ ಎಐ ತಜ್ಞರು ‘ವೈಬ್ ಕೋಡಿಂಗ್’ ಎಂಬ ಪದ ಹುಟ್ಟುಹಾಕಿದರು. ಕೋಡ್ ಬರೆಯದೆ, ಬೇಕಾದ್ದನ್ನು ಮಾತಿನಲ್ಲಿ ಹೇಳಿ ಎಐಯಿಂದ ಬರೆಸಿಕೊಳ್ಳುವುದು. ಅದೇ ವರ್ಷ ಕಾಲಿನ್ಸ್ ನಿಘಂಟು ಅದನ್ನು ವರ್ಷದ ಪದ ಎಂದು ಆರಿಸಿತು. ನಾನೂ ಒಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಪ್ರಯತ್ನಿಸಿದೆ. ಹತ್ತು ನಿಮಿಷದಲ್ಲಿ ಒಂದು ಪುಟ ಬಂತು. 2016ರಲ್ಲಿ ಎಂಟು ಸಾವಿರ ಕೊಟ್ಟು ಮಾಡಿಸಿದ್ದಕ್ಕಿಂತ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ?

ಹಾಗಾದರೆ ಬರೀ ಜೋಡಿಸುವ ಹುಡುಗನ ಗತಿ? ಥೀಮ್ ಹಾಕಿ ಚಿತ್ರ ತುಂಬಿಸುವುದಷ್ಟೇ ಕಲಿತವನಿಗೆ ಕಷ್ಟದ ದಿನ ಬಂದಿದೆ, ಇದನ್ನು ಮುಚ್ಚಿಡುವುದು ಬೇಡ. ಆ ಕೆಲಸಕ್ಕೆ ಗಿರಾಕಿ ಕೊಡುವ ಬೆಲೆ ಇನ್ನೂ ಇಳಿಯುತ್ತದೆ. ಆದರೆ ಮಾರನೆಯ ದಿನ ಆ ಪುಟವನ್ನು ಎಲ್ಲಿ ಇಡುವುದು, ಡೊಮೈನ್ ಹೇಗೆ ಜೋಡಿಸುವುದು, ಪಾವತಿ ಹೇಗೆ ಎಂದು ನನಗೆ ತಿಳಿಯಲಿಲ್ಲ. ಪೇಮೆಂಟ್ ಗೇಟ್‌ವೇಯವರು ವಾಪಸಾತಿ ನಿಯಮದ ಪುಟ, ಷರತ್ತುಗಳ ಪುಟ, ಸಂಪರ್ಕ ವಿಳಾಸ ಎಲ್ಲ ಕೇಳುತ್ತಾರೆ, ಅದಿಲ್ಲದೆ ಖಾತೆ ಚಾಲೂ ಆಗುವುದಿಲ್ಲ. ಎಐ ಬರೆದ ಕೋಡ್‌ನಲ್ಲಿ ಆ 1 ರೂಪಾಯಿಯ ತಪ್ಪು ಉಂಟೋ ಇಲ್ಲವೋ ಎಂದು ಹೇಳಲು ನನ್ನಿಂದ ಆಗದು. ಅದನ್ನು ಓದಿ, ‘ಇಲ್ಲಿ ಸರಿ ಇಲ್ಲ’ ಎನ್ನಬಲ್ಲ ಹುಡುಗನಿಗೆ ನಾನು ಈಗಲೂ ಹಣ ಕೊಡುತ್ತೇನೆ. ಮೊದಲಿಗಿಂತ ಜಾಸ್ತಿಯೇ ಕೊಡುತ್ತೇನೆ.

ಕಾನೂನು ಕೂಡ ಬಿಗಿಯಾಗುತ್ತಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಆಯಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಸಮಯ ಕೊಟ್ಟಿದ್ದಾರೆ. ಗಿರಾಕಿಯ ಫೋನ್ ನಂಬರ್, ವಿಳಾಸ ತೆಗೆದುಕೊಂಡು ಭದ್ರವಾಗಿ ಇಡದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನಮ್ಮಂಥ ಸಣ್ಣವರ ಮೇಲೆ ಅಷ್ಟು ಹಾಕುತ್ತಾರೆ ಎಂದಲ್ಲ. ಆದರೆ ವೆಬ್‌ಸೈಟ್‌ನ ಒಂದು ಫಾರ್ಮ್ ಕೂಡ ಇನ್ನು ಮುಂದೆ ಹೊಣೆ ಇರುವ ವಸ್ತು. ಈ ಹೊಣೆಯನ್ನು ಅರ್ಥ ಮಾಡಿಕೊಂಡವನು ಯಾವ ಮೆಟ್ಟಿಲಲ್ಲಿದ್ದರೂ ಕೆಲಸಕ್ಕೆ ಬೇಕಾಗುತ್ತಾನೆ.

ನಮ್ಮ ಗಡಿನಾಡಿನ ಹುಡುಗರ ಕೈಯಲ್ಲಿ ಒಂದು ಬಂಡವಾಳ ಉಂಟು. ಅದು ಅವರಿಗೇ ಕಾಣುತ್ತಿಲ್ಲ ಎಂಬ ಬೇಜಾರು ನನಗೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಹಿಂದಿನಿಂದಲೂ ಉಂಟು, 2018ರಿಂದ ಲಿಟಲ್ ಕೈಟ್ಸ್ ಕ್ಲಬ್ ಬೇರೆ. ಆ ಲ್ಯಾಬ್‌ಗಳಲ್ಲಿ ಇರುವುದು ಲಿನಕ್ಸ್. ಜಗತ್ತಿನ ಹೆಚ್ಚಿನ ವೆಬ್ ಸರ್ವರ್‌ಗಳು ಓಡುವುದೂ ಲಿನಕ್ಸ್‌ನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಇದರ ಪರಿಚಯ ಹೈಸ್ಕೂಲಿನಲ್ಲೇ ಆಗಿರುತ್ತದೆ. ಕಾಲೇಜಿಗೆ ಹೋಗುವಾಗ ಮರೆತು, ಮತ್ತೆ ಅದನ್ನೇ ಹಣ ಕೊಟ್ಟು ಕಲಿಯುತ್ತಾರೆ.

ಎರಡನೆಯದು ಭಾಷೆ. ಇಲ್ಲಿಯ ಹುಡುಗನಿಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಮತ್ತು ತುಳು, ಜೊತೆಗೆ ಹಿಂದಿ, ಇಂಗ್ಲಿಷ್. ಮದ್ರಸದಲ್ಲಿ ಅರಬಿ ಅಕ್ಷರ ಓದಲು ಕಲಿತಿರುತ್ತಾನೆ. ಅರ್ಥ ಎಲ್ಲರಿಗೂ ಬರುವುದಿಲ್ಲ, ಅದು ಬೇರೆ ಮಾತು. ಆದರೆ ಗಲ್ಫ್‌ನ ಅಂಗಡಿ, ವರ್ಕ್‌ಶಾಪ್, ಕಾರ್ಗೋ ಕಂಪೆನಿಗಳಿಗೆ ಬೇಕಾದದ್ದು ಅರಬಿ ಮತ್ತು ಇಂಗ್ಲಿಷ್ ಎರಡೂ ಇರುವ ಸೈಟ್. ಅರಬಿ ಪುಟವನ್ನು ಬಲದಿಂದ ಎಡಕ್ಕೆ ತಿರುಗಿಸಬೇಕು. ಅಕ್ಷರ ಮಾತ್ರ ಅಲ್ಲ, ಮೆನು, ಬಾಣದ ಗುರುತು, ಚಿತ್ರದ ಜಾಗ ಎಲ್ಲ ತಿರುಗಬೇಕು. ಫೋನ್ ನಂಬರ್ ಮಾತ್ರ ಎಡದಿಂದ ಬಲಕ್ಕೇ ಇರಬೇಕು. ಅಕ್ಷರ ಓದಲು ಬಾರದವನು ಇದನ್ನು ಮಾಡಿದರೆ ಅಕ್ಷರಗಳು ಬಿಡಿಬಿಡಿಯಾಗಿ ನಿಂತರೂ ಅವನಿಗೆ ಗೊತ್ತಾಗದು. ನಮ್ಮವನ ಕಣ್ಣಿಗೆ ಕೂಡಲೇ ಬೀಳುತ್ತದೆ.

ಕನ್ನಡದ್ದೂ ಹಾಗೆಯೇ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹವನ್ನು ಹಾಗೆಯೇ ಅಂಟಿಸಿದರೆ ವೆಬ್‌ಸೈಟ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದನ್ನು ಯುನಿಕೋಡ್‌ಗೆ ಬದಲಿಸಬೇಕು, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಉಂಟಾ ಎಂದು ಒಬ್ಬ ಓದಲೇಬೇಕು. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಕೆಳಗಿನ ಒತ್ತಕ್ಷರಗಳು ಕತ್ತರಿಸಿ ಹೋಗುತ್ತವೆ. ದೊಡ್ಡ ದೊಡ್ಡ ಸಂಸ್ಥೆಗಳ ಕನ್ನಡ ಪುಟಗಳಲ್ಲೂ ಇದನ್ನು ಕಾಣಬಹುದು. ಕೊಚ್ಚಿಯ ಏಜೆನ್ಸಿಗೆ ಕನ್ನಡ ಓದುವವನು ಬೇಕು, ಬೆಂಗಳೂರಿನವನಿಗೆ ಮಲಯಾಳಂ ಓದುವವನು ಬೇಕು. ಎರಡನ್ನೂ ಓದುವ ನಮ್ಮ ಹುಡುಗ ಉಪ್ಪಳದಲ್ಲಿ ಕೂತು 4,999ರ ಪೋಸ್ಟರ್ ಫಾರ್ವರ್ಡ್ ಮಾಡುತ್ತಿದ್ದಾನೆ.

ತೆರಿಗೆಯ ಬಗ್ಗೆ ಒಂದು ಮಾತು, ಯಾಕೆಂದರೆ ನನ್ನಲ್ಲಿ ಬಹಳ ಮಂದಿ ಕೇಳುತ್ತಾರೆ. ಮಂಜೇಶ್ವರದಲ್ಲಿ ಕೂತು ಮಂಗಳೂರಿನ ಗಿರಾಕಿಗೆ ವೆಬ್‌ಸೈಟ್ ಮಾಡಿದರೆ ಅದು ರಾಜ್ಯದಿಂದ ರಾಜ್ಯಕ್ಕೆ ಕೊಟ್ಟ ಸೇವೆ. ಹಾಗಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂದು ಹೆದರಿ ಎಷ್ಟೋ ಹುಡುಗರು ಬಿಲ್ಲೇ ಕೊಡುವುದಿಲ್ಲ. ಹಾಗಿಲ್ಲ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಬೇರೆ ರಾಜ್ಯಕ್ಕೆ ಕೊಟ್ಟರೂ ನೋಂದಣಿಯಿಂದ ವಿನಾಯಿತಿ 2017ರ ಅಕ್ಟೋಬರ್‌ನಿಂದಲೇ ಉಂಟು. ಸರಕು ಮಾರುವ ನನ್ನಂಥವನಿಗೆ ಆ ವಿನಾಯಿತಿ ಇಲ್ಲ, ತಲಪಾಡಿ ದಾಟಿಸಿ ಮಾರಬೇಕಾದರೆ ನೋಂದಣಿ ಬೇಕೇ ಬೇಕು. ಸೇವೆಯವನು ಧೈರ್ಯವಾಗಿ ಬಿಲ್ ಬರೆಯಬಹುದು. ಬಿಲ್ ಕೊಡದವನಿಗೆ ನಾಳೆ ದೊಡ್ಡ ಗಿರಾಕಿ ಸಿಗುವುದಿಲ್ಲ, ಬ್ಯಾಂಕ್ ಸಾಲವೂ ಇಲ್ಲ.

ಕೋರ್ಸ್‌ಗೆ ಮಕ್ಕಳನ್ನು ಹಾಕುವ ತಂದೆಯರಿಗೆ ನಾನು ಹೇಳುವುದು ಇಷ್ಟು. ಫೀಸ್ ಕಟ್ಟುವ ಮೊದಲು, ಅಲ್ಲಿ ಕಲಿತು ಹೋದವರು ಮಾಡಿದ, ಇವತ್ತೂ ಓಡುತ್ತಿರುವ ಮೂರು ಸೈಟ್ ತೋರಿಸಲು ಹೇಳಿ. ಅದರಲ್ಲಿ ಆ ಹುಡುಗ ಮಾಡಿದ್ದು ಯಾವ ಭಾಗ ಎಂದು ಕೇಳಿ. ಉತ್ತರ ಗೊಂದಲ ಆದರೆ ಮನೆಗೆ ಬನ್ನಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ನ ಮೊದಲ ಪಾಠಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿಯೇ ಸಿಗುತ್ತವೆ. ಹುಡುಗ ಆರು ತಿಂಗಳು ಅದರಲ್ಲಿ ಕೂತರೆ ಅವನಿಗೆ ಈ ಲೈನ್ ಹಿಡಿಸುತ್ತದೋ ಇಲ್ಲವೋ ಎಂದು ಪೈಸೆ ಖರ್ಚಿಲ್ಲದೆ ಗೊತ್ತಾಗುತ್ತದೆ.

ನನ್ನ ಮೂರನೆಯ ವೆಬ್‌ಸೈಟ್ ಮಾಡಿದ್ದು ಹೊಸಂಗಡಿ ಕಡೆಯ ಹುಡುಗ. ಮೊದಲ ದಿನವೇ ಹೇಳಿದ: ‘ವರ್ಡ್‌ಪ್ರೆಸ್ ನನಗೆ ಚೆನ್ನಾಗಿ ಗೊತ್ತುಂಟು. ಪೇಮೆಂಟ್ ಭಾಗ ನನಗೆ ಬರುವುದಿಲ್ಲ, ನನ್ನ ಸ್ನೇಹಿತ ನೋಡ್ತಾನೆ, ಅವನ ಬಿಲ್ ಬೇರೆ. ಡೊಮೈನ್ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಕಾರ್ಡ್‌ನಿಂದ ತೆಗೆಯುವ.’ ಅವನು ಹೇಳಿದ ರೇಟ್ ಬೇರೆಯವರಿಗಿಂತ ಮೂರು ಪಟ್ಟು. ಚೌಕಾಸಿ ಮಾಡುವುದು ನನ್ನ ರಕ್ತದಲ್ಲೇ ಉಂಟು, ಆದರೂ ಆ ದಿನ ಮಾಡಲಿಲ್ಲ. ನೋಡಿಕೊಳ್ಳುವುದಕ್ಕೆ ತಿಂಗಳಿಗೆ 1,500 ಬೇರೆ ಕೊಡುತ್ತೇನೆ. ಅವನಿಗೆ ಇಂಥ ಹನ್ನೊಂದು ಗಿರಾಕಿಗಳಿದ್ದಾರೆ, ಲೆಕ್ಕ ನೀವೇ ಹಾಕಿ.

ಪ್ರತಿ ತಿಂಗಳ ಒಂದನೇ ತಾರೀಕು ಅವನಿಂದ ಒಂದು ಮೆಸೇಜ್ ಬರುತ್ತದೆ: ‘ಬ್ಯಾಕಪ್ ಆಗಿದೆ, ಅಪ್‌ಡೇಟ್ ಆಗಿದೆ, ಒಂದು ಟೆಸ್ಟ್ ಆರ್ಡರ್ ಹಾಕಿ ನೋಡಿದ್ದೇನೆ, ಹಣ ಸರಿ ಬಂದಿದೆ.’ ಈ ತಿಂಗಳ ಮೆಸೇಜ್‌ನಲ್ಲಿ ಒಂದು ಸಾಲು ಹೆಚ್ಚಿತ್ತು. ಪಿಎಚ್‌ಪಿ ಕಲಿಯಲು ಶುರು ಮಾಡಿದ್ದಾನಂತೆ, ಪಾವತಿಯ ಭಾಗವನ್ನೂ ಮುಂದಿನ ವರ್ಷದಿಂದ ತಾನೇ ಮಾಡುತ್ತಾನಂತೆ, ಆಗ ರೇಟ್ ಜಾಸ್ತಿ ಆಗುತ್ತದೆ, ಈಗಲೇ ಹೇಳಿಟ್ಟಿದ್ದೇನೆ ಎಂದು ಬರೆದಿದ್ದಾನೆ.